ಬಡಗಣ ತುದಿಯ ನಾಡಿಗೆ ‘ತೆಂಕಣ ನಾಡು’ ಎಂಬ ಹೆಸರು ಬಂದದ್ದು ಹೇಗೆ?

2024ರ ಜುಲೈನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ನವದೆಹಲಿಯಲ್ಲಿ ಸಭೆ ಸೇರಿತ್ತು. ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳು ಪಟ್ಟಿಗೆ ಸೇರಿದ ಸುದ್ದಿ ನಮ್ಮಲ್ಲಿ ದೊಡ್ಡದಾಗಿಯೇ ಬಂತು. ಅದೇ ಸಭೆಯಲ್ಲಿ ಸ್ಕಾಟ್ಲೆಂಡಿನ ‘ಫ್ಲೋ ಕಂಟ್ರಿ’ ಎಂಬ ವಿಶಾಲವಾದ ಜೌಗುನೆಲಕ್ಕೂ ಮನ್ನಣೆ ಸಿಕ್ಕಿತು. ಸುದ್ದಿಯಲ್ಲಿ ಅದರ ವಿಳಾಸ ಹೀಗಿತ್ತು: ಕೇತ್‌ನೆಸ್ ಮತ್ತು ಸದರ್ಲಂಡ್.

ಸದರ್ಲಂಡ್ ಎಂದರೆ ‘ದಕ್ಷಿಣದ ನಾಡು’. ನಕಾಶೆ ತೆರೆದು ನೋಡಿದರೆ ಈ ನಾಡು ಇರುವುದು ಬ್ರಿಟನ್ ಮುಖ್ಯಭೂಮಿಯ ವಾಯವ್ಯ ಮೂಲೆಯಲ್ಲಿ. ಅದರ ಬಡಗಣ ಕರಾವಳಿಯಲ್ಲಿ ನಿಂತವರ ಮುಂದೆ ಬರಿಯ ಅಟ್ಲಾಂಟಿಕ್ ಸಾಗರ. ಇಡೀ ಸದರ್ಲಂಡ್ ಮಾಸ್ಕೋ ನಗರಕ್ಕಿಂತಲೂ ಉತ್ತರಕ್ಕಿದೆ. ಹೀಗಿರುವಾಗ ಇದನ್ನು ದಕ್ಷಿಣ ಎಂದವರು ಯಾರು, ಎಲ್ಲಿ ನಿಂತು ಹಾಗೆಂದರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸದರ್ಲಂಡಿನ ಸಾವಿರ ವರ್ಷಗಳ ಚರಿತ್ರೆ ಒಂದೊಂದೇ ಪದರವಾಗಿ ಬಿಚ್ಚಿಕೊಳ್ಳುತ್ತದೆ.

## ಮೊದಲು, ಇದು ಎಲ್ಲಿದೆ?

ಬ್ರಿಟನ್ ದ್ವೀಪದ ಉತ್ತರದ ಮೂರನೇ ಒಂದು ಭಾಗ ಸ್ಕಾಟ್ಲೆಂಡ್. ಅದರ ಉತ್ತರಾರ್ಧದ ಬೆಟ್ಟದ ಸೀಮೆ ಹೈಲ್ಯಾಂಡ್ಸ್. ಹೈಲ್ಯಾಂಡ್ಸ್‌ನ ಮೇಲ್ತುದಿಯಲ್ಲಿ ಎರಡು ಹಳೆಯ ಕೌಂಟಿಗಳು ಅಕ್ಕಪಕ್ಕ ಇವೆ. ಈಶಾನ್ಯದ ಮೂಲೆಯಲ್ಲಿ ತ್ರಿಕೋನದಂತೆ ಚಾಚಿಕೊಂಡ ತಗ್ಗುನೆಲ ಕೇತ್‌ನೆಸ್. ಅದರ ಪಶ್ಚಿಮಕ್ಕೂ ನೈಋತ್ಯಕ್ಕೂ ಹರಡಿಕೊಂಡ ಬೆಟ್ಟ, ಕಣಿವೆ, ಜೌಗಿನ ದೊಡ್ಡ ನಾಡು ಸದರ್ಲಂಡ್. ಕೇತ್‌ನೆಸ್‌ನಿಂದ ಉತ್ತರಕ್ಕೆ, ಪೆಂಟ್ಲಂಡ್ ಫರ್ತ್ ಎಂಬ ಸೆಳವಿನ ಜಲಸಂಧಿ ದಾಟಿದರೆ ಆರ್ಕ್ನಿ ದ್ವೀಪಗಳು, ಇನ್ನೂ ಮುಂದೆ ಹೋದರೆ ಶೆಟ್ಲಂಡ್, ಅಲ್ಲಿಂದಾಚೆ ಸಮುದ್ರ ದಾಟಿದರೆ ನಾರ್ವೆ. ಈ ಸಾಲನ್ನು ನೆನಪಿನಲ್ಲಿಟ್ಟುಕೊಳ್ಳಿ. ಹೆಸರಿನ ಗುಟ್ಟು ಇರುವುದು ಇದರಲ್ಲೇ.

ಸದರ್ಲಂಡಿನ ವಿಸ್ತೀರ್ಣ ಸುಮಾರು 5,250 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 13,000. ಚದರ ಕಿಲೋಮೀಟರಿಗೆ ಸರಾಸರಿ ಮೂವರೂ ಇಲ್ಲ. ಉತ್ತರ, ಪಶ್ಚಿಮ, ಆಗ್ನೇಯ ಹೀಗೆ ಮೂರು ದಿಕ್ಕಿನಲ್ಲೂ ಕಡಲಿದೆ. ಹಳೆಯ ಮುಖ್ಯ ಪಟ್ಟಣ ಆಗ್ನೇಯ ಕರಾವಳಿಯ ಡಾರ್ನಾಕ್.

## ‘ದಕ್ಷಿಣ’ ಎಂದವರು ಉತ್ತರದಿಂದ ಬಂದವರು

ಮನೆಯ ತೆಂಕಲಿಗಿರುವ ಗದ್ದೆಯನ್ನು ಮನೆಯವರು ‘ತೆಂಕಲ ಗದ್ದೆ’ ಎನ್ನುತ್ತಾರೆ. ಗದ್ದೆಯ ಆಚೆ ಬದಿಯ ಮನೆಯವರಿಗೆ ಅದೇ ಗದ್ದೆ ಬಡಗಲಲ್ಲಿರುತ್ತದೆ. ದಿಕ್ಕಿನಿಂದ ಹುಟ್ಟಿದ ಹೆಸರು ಕೇಳಿದಾಗಲೆಲ್ಲ ಅದನ್ನು ಇಟ್ಟವರ ಮನೆ ಎಲ್ಲಿತ್ತು ಎಂದು ಹುಡುಕಬೇಕಾಗುತ್ತದೆ.

ಸದರ್ಲಂಡಿನ ವಿಷಯದಲ್ಲಿ ಆ ಮನೆ ಇದ್ದದ್ದು ಆರ್ಕ್ನಿ ಮತ್ತು ಕೇತ್‌ನೆಸ್‌ನಲ್ಲಿ. 9ನೇ ಶತಮಾನದ ಹೊತ್ತಿಗೆ ನಾರ್ವೆಯ ಕಡಲಿಗರು, ಅಂದರೆ ನಾವು ವೈಕಿಂಗರೆಂದು ಕರೆಯುವ ನಾರ್ಸ್ ಜನ, ಶೆಟ್ಲಂಡ್ ಮತ್ತು ಆರ್ಕ್ನಿಯಲ್ಲಿ ನೆಲೆ ನಿಂತರು. ಅವರ ಮುಖಂಡರು ಆರ್ಕ್ನಿಯ ‘ಅರ್ಲ್’ಗಳಾದರು. ಅರ್ಲ್ ಎಂದರೆ ಅರಸನ ಕೆಳಗೆ ಒಂದು ಸೀಮೆಯನ್ನು ಆಳುವ ಒಡೆಯ. ಆರ್ಕ್ನಿಯಿಂದ ಜಲಸಂಧಿ ದಾಟಿ ಕೇತ್‌ನೆಸ್ ಹಿಡಿದರು, ಅಲ್ಲಿ ಒಕ್ಕಲಾದರು. ಅಲ್ಲಿಂದ ಪೂರ್ವ ಕರಾವಳಿಗುಂಟ ಕೆಳಗಿಳಿದಾಗ ಸಿಕ್ಕ ನೆಲವನ್ನು ತಮ್ಮ ನುಡಿಯಲ್ಲಿ ‘ಸುದ್ರ್‌ಲಂಡ್’ ಎಂದರು. ಸುದ್ರ್ ಎಂದರೆ ದಕ್ಷಿಣ, ಲಂಡ್ ಎಂದರೆ ನಾಡು. ಅವರ ಪಾಲಿಗೆ ಅದು ನಿಜಕ್ಕೂ ತೆಂಕಣ ನಾಡೇ.

ಇದು ಒಂಟಿ ಉದಾಹರಣೆಯಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳನ್ನೂ ನಾರ್ಸ್ ಜನ ‘ದಕ್ಷಿಣದ ದ್ವೀಪಗಳು’ ಎಂಬರ್ಥದ ಹೆಸರಿನಿಂದಲೇ ಕರೆದರು. ಅವರ ‘ಉತ್ತರದ ದ್ವೀಪಗಳು’ ಆರ್ಕ್ನಿ ಮತ್ತು ಶೆಟ್ಲಂಡ್. ಐರಿಷ್ ಸಮುದ್ರದ ಮ್ಯಾನ್ ದ್ವೀಪದ ಬಿಷಪ್ಪರಿಗೆ ಇಂದಿಗೂ ‘ಸೋಡರ್ ಮತ್ತು ಮ್ಯಾನ್‌ನ ಬಿಷಪ್’ ಎಂಬ ಬಿರುದಿದೆ. ಅದರಲ್ಲಿನ ‘ಸೋಡರ್’ ಆ ಹಳೆಯ ನಾರ್ಸ್ ಹೆಸರಿನ ಸವೆದ ರೂಪ.

ಇಂಗ್ಲೆಂಡಿನಲ್ಲಿ ನಾರ್ಫೋಕ್ ಮತ್ತು ಸಫೋಕ್ ಎಂಬ ಜೋಡಿ ಇದೆ: ಬಡಗಣ ಜನ, ತೆಂಕಣ ಜನ. ದಿಕ್ಕಿನ ಹೆಸರುಗಳು ಸಾಮಾನ್ಯವಾಗಿ ಹೀಗೆ ಜೋಡಿಯಾಗಿ ಬರುತ್ತವೆ. ಸದರ್ಲಂಡಿಗೆ ಮಾತ್ರ ‘ನಾರ್ದರ್ಲಂಡ್’ ಎಂಬ ಜೊತೆಯಿಲ್ಲ. ಅದರ ಅಗತ್ಯವೂ ಇರಲಿಲ್ಲ. ಉತ್ತರದಲ್ಲಿದ್ದದ್ದು ಅವರ ಸ್ವಂತ ಮನೆ, ಮನೆಯನ್ನು ಯಾರೂ ದಿಕ್ಕು ಹೇಳಿ ಕರೆಯುವುದಿಲ್ಲ.

## ಸಿಗುರ್ಡನ ದಿಬ್ಬ

ಈ ‘ದಕ್ಷಿಣ’ ಎಲ್ಲಿಯವರೆಗೆ ಚಾಚಿತ್ತು? ಇದಕ್ಕೊಂದು ಕಥೆಯ ಸುಳಿವಿದೆ. ಐಸ್‌ಲ್ಯಾಂಡಿನಲ್ಲಿ ಮುಂದೆ ಬರೆದಿಟ್ಟ ಸಾಗಾ ಕಥನದಲ್ಲಿ ಆರ್ಕ್ನಿಯ ಅರ್ಲ್ ಸಿಗುರ್ಡನ ಸಾವಿನ ಪ್ರಸಂಗ ಬರುತ್ತದೆ. ಸಿಗುರ್ಡ್ ಮತ್ತು ಸ್ಕಾಟ್ ಮುಖಂಡ ಮಾಲ್ ಬ್ರಿಗ್ಟೆ ತಲಾ 40 ಜನರೊಂದಿಗೆ ಬಂದು ಕಾದಾಡುವುದೆಂದು ಮಾತಾಗಿತ್ತು. ಸಿಗುರ್ಡ್ ಒಂದೊಂದು ಕುದುರೆಯ ಮೇಲೆ ಇಬ್ಬಿಬ್ಬರನ್ನು ಕೂರಿಸಿಕೊಂಡು 80 ಜನರನ್ನು ತಂದ. ಗೆದ್ದ. ಸೋತವನ ತಲೆ ಕಡಿದು ತನ್ನ ಕುದುರೆಯ ಜೀನಿಗೆ ಕಟ್ಟಿಕೊಂಡು ಹೊರಟ. ಮಾಲ್ ಬ್ರಿಗ್ಟೆಯದು ಮುಂಚಾಚಿದ ಹಲ್ಲು. ಅದು ದಾರಿಯಲ್ಲಿ ಸಿಗುರ್ಡನ ಕಾಲಿಗೆ ತರಚಿತು, ಗಾಯ ನಂಜಾಯಿತು, ಗೆದ್ದವನೂ ಸತ್ತ. ಅವನನ್ನು ‘ಎಕ್ಯಾಲ್ ದಂಡೆ’ಯಲ್ಲಿ ದಿಬ್ಬ ಕಟ್ಟಿ ಹೂಳಿದರು ಎನ್ನುತ್ತದೆ ಕಥೆ.

ಈ ಎಕ್ಯಾಲ್, ಸದರ್ಲಂಡಿನ ದಕ್ಷಿಣದ ಗಡಿಯಲ್ಲಿ ಹರಿಯುವ ಓಯ್ಕೆಲ್ ನದಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನದಿ ಡಾರ್ನಾಕ್ ಫರ್ತ್‌ಗೆ ಸೇರುತ್ತದೆ. ಫರ್ತ್ ಎಂದರೆ ನೆಲದೊಳಕ್ಕೆ ನುಗ್ಗಿದ ಸಮುದ್ರದ ತೋಳು, ನಾರ್ವೆಯ ‘ಫ್ಯೋರ್ಡ್’ಗೆ ನಂಟಿನ ಪದ. ಡಾರ್ನಾಕ್ ಬಳಿ ಸೈಡರ್‌ಹಾಲ್ ಎಂಬ ಹೊಲಮನೆಯಿದೆ. ಹೆಸರು ಕೇಳಿದರೆ ಸೇಬಿನ ಮದ್ಯ ನೆನಪಾಗುತ್ತದೆ. ಆದರೆ 13ನೇ ಶತಮಾನದ ದಾಖಲೆಯಲ್ಲಿ ಅದರ ಹೆಸರು ‘ಸಿವರ್ಡ್‌ಹಾಕ್’ ಎಂಬಂತಿದೆ, ಅಂದರೆ ಸಿಗುರ್ಡನ ದಿಬ್ಬ. ಮದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಥ ಮರೆತ ಮೇಲೆ ಜನ ತಮಗೆ ಗೊತ್ತಿದ್ದ ಪದದ ಅಚ್ಚಿಗೆ ಹೆಸರನ್ನು ಹೊಯ್ದುಕೊಂಡರು. ನಾರ್ಸ್ ಅರ್ಲ್‌ಗಳ ಕೈ ಹೆಚ್ಚುಕಡಿಮೆ ಇಲ್ಲಿಯವರೆಗೆ ಚಾಚಿತ್ತು. ಇದರಾಚೆ ಸ್ಕಾಟ್ ನೆಲ.

## ಬೆಕ್ಕಿನ ಕುಲದ ನಾಡು

ನಾರ್ಸ್ ಜನ ಬರುವ ಮೊದಲೂ ಇಲ್ಲಿ ಜನರಿದ್ದರು, ನೆಲಕ್ಕೆ ಹೆಸರಿತ್ತು. ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಆಗ ವಾಸಿಸುತ್ತಿದ್ದವರು ಪಿಕ್ಟ್ ಜನ. ಅವರ ಸೀಮೆಗಳಲ್ಲಿ ತೀರ ಉತ್ತರದ್ದು ‘ಕ್ಯಾಟ್’. ಅದು ಒಂದು ಕುಲದ ಹೆಸರು; ಬೆಕ್ಕು ಅವರ ಕುಲಚಿಹ್ನೆಯಾಗಿತ್ತೆಂದು ತಿಳಿಯಲಾಗಿದೆ. ಇಂದಿನ ಕೇತ್‌ನೆಸ್ ಮತ್ತು ಸದರ್ಲಂಡಿನ ಆಗ್ನೇಯ ಭಾಗ ಎರಡೂ ಆ ಕ್ಯಾಟ್ ಸೀಮೆಗೆ ಸೇರಿದ್ದವು. ಹಳೆಯ ಐರಿಷ್ ಬರಹದಲ್ಲಿ ಶೆಟ್ಲಂಡ್ ಕೂಡ ‘ಕ್ಯಾಟರ ದ್ವೀಪಗಳು’.

ಮುಂದೆ ನಡೆದದ್ದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಒಂದೇ ಹಳೆಯ ಹೆಸರನ್ನು ಎರಡು ನುಡಿಯವರು ಎರಡು ಬೇರೆ ಕಡೆ ಉಳಿಸಿಕೊಂಡರು.

ನಾರ್ಸ್ ಜನ ಕ್ಯಾಟ್ ಸೀಮೆಯ ಈಶಾನ್ಯದ ಚಾಚನ್ನು ‘ಕಟಾನೆಸ್’ ಎಂದರು. ನೆಸ್ ಎಂದರೆ ಭೂಶಿರ, ಸಮುದ್ರಕ್ಕೆ ಚಾಚಿದ ಮೂಗು. ‘ಕ್ಯಾಟರ ಮೂಗು’ ಮುಂದೆ ಕೇತ್‌ನೆಸ್ ಆಯಿತು. ಅದರ ದಕ್ಷಿಣಕ್ಕಿದ್ದ ಉಳಿದ ನೆಲ ಸುದ್ರ್‌ಲಂಡ್.

ಗೇಲಿಕ್ ಮಾತಾಡುವ ಹೈಲ್ಯಾಂಡ್ ಜನ ಇದನ್ನು ತಲೆಕೆಳಗಾಗಿ ನೋಡಿದರು. ಗೇಲಿಕ್‌ನಲ್ಲಿ ಸದರ್ಲಂಡಿನ ಹೆಸರು ‘ಕಾತಿವ್’, ಅಂದರೆ ‘ಕ್ಯಾಟರ ನಡುವೆ’, ‘ಕ್ಯಾಟರಲ್ಲಿ’. ಕೊನೆಯ ‘ಇವ್’ ನಮ್ಮ ‘ಅಲ್ಲಿ’ ಎಂಬ ಪ್ರತ್ಯಯದ ಕೆಲಸ ಮಾಡುತ್ತದೆ. ಹಾಗಾದರೆ ಕೇತ್‌ನೆಸ್ ಏನಾಯಿತು? ಅದು ‘ಗಾಲಿವ್’, ‘ಪರಕೀಯರಲ್ಲಿ’. ಗಾಲ್ ಎಂದರೆ ಹೊರಗಿನವರು, ಇಲ್ಲಿ ನಾರ್ಸ್ ಜನ. ನಾರ್ಸ್ ಒಕ್ಕಲು ದಟ್ಟವಾಗಿ ನೆಲೆ ನಿಂತ ಕೇತ್‌ನೆಸ್ ಗೇಲಿಕ್ ಜನರಿಗೆ ಪರರ ನಾಡಾಗಿ ಕಂಡಿತು. ಹಳೆಯ ಕುಲದ ಹೆಸರನ್ನು ಅವರು ಸದರ್ಲಂಡಿಗೇ ಉಳಿಸಿಕೊಂಡರು.

ಹೀಗಾಗಿ ಇಂಗ್ಲಿಷ್ ನಕಾಶೆಯಲ್ಲಿ ಬೆಕ್ಕಿನ ಕುಲ ಕೇತ್‌ನೆಸ್‌ನಲ್ಲಿದೆ, ಗೇಲಿಕ್ ನಕಾಶೆಯಲ್ಲಿ ಸದರ್ಲಂಡಿನಲ್ಲಿದೆ. ಸದರ್ಲಂಡಿನ ಅರ್ಲ್‌ನನ್ನು ಗೇಲಿಕ್‌ನಲ್ಲಿ ‘ಕ್ಯಾಟ್‌ನ ಒಡೆಯ’ ಎಂದೇ ಕರೆಯುತ್ತಿದ್ದರು. ಸದರ್ಲಂಡ್ ಮನೆತನದ ಲಾಂಛನದಲ್ಲಿ ಇಂದಿಗೂ ಒಂದು ಕಾಡುಬೆಕ್ಕು ಕೂತಿದೆ.

## ಸೀಮೆಯಿಂದ ಕೌಂಟಿಗೆ: ಹೆಸರು ಹಿಗ್ಗಿದ ಬಗೆ

ಇಲ್ಲಿಯವರೆಗೆ ‘ಸದರ್ಲಂಡ್’ ಎಂದರೆ ಆಗ್ನೇಯದ ಕರಾವಳಿ ಪಟ್ಟಿ ಮತ್ತು ಅದರ ಬೆನ್ನಿಗಿನ ಕಣಿವೆಗಳು ಮಾತ್ರ. ಇಂದಿನ ನಕಾಶೆಯಲ್ಲಿ ಅದು ಪಶ್ಚಿಮದ ಅಟ್ಲಾಂಟಿಕ್‌ವರೆಗೂ ಉತ್ತರದ ಕೇಪ್ ರಾಥ್‌ವರೆಗೂ ಹಬ್ಬಿದೆ. ಇದಾದದ್ದು ಆಡಳಿತದ ಕಾರಣದಿಂದ.

1200ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಅರಸ ‘ಸಿಂಹ’ ವಿಲಿಯಂ ಆರ್ಕ್ನಿಯ ಅರ್ಲ್ ಹರಾಲ್ಡನನ್ನು ಬಗ್ಗಿಸಿ ಈ ಕರಾವಳಿಯನ್ನು ಬಿಡಿಸಿಕೊಂಡ. ಅದು ಮೋರೆ ಸೀಮೆಯ ಹ್ಯೂ ಎಂಬ ಶ್ರೀಮಂತನ ಕೈಸೇರಿತು. ಹ್ಯೂವಿನ ಮಗ ವಿಲಿಯಂ 1230ರ ದಶಕದಲ್ಲಿ ಸದರ್ಲಂಡಿನ ಮೊದಲ ಅರ್ಲ್ ಆದ. ಅದೇ ಮನೆತನದ ಗಿಲ್ಬರ್ಟ್ ಬಿಷಪ್ಪನಾಗಿ ಡಾರ್ನಾಕ್‌ನಲ್ಲಿ 1224ರಲ್ಲಿ ಕೆಥೆಡ್ರಲ್ ಕಟ್ಟಿಸತೊಡಗಿದ. ಊರಿನ ನಡುವೆ ಅದು ಈಗಲೂ ನಿಂತಿದೆ. ಉತ್ತರದವರು ಇಟ್ಟ ಹೆಸರು ದಕ್ಷಿಣದಿಂದ ಬಂದ ಒಡೆಯರ ಬಿರುದಾಯಿತು. ಆರ್ಕ್ನಿ ಮತ್ತು ಶೆಟ್ಲಂಡ್ ಮಾತ್ರ 1468–69ರವರೆಗೂ ನಾರ್ಸ್ ಅರಸೊತ್ತಿಗೆಯ ಕೈಯಲ್ಲೇ ಇದ್ದವು.

ಇನ್ನು ‘ಕೌಂಟಿ’. ಸ್ಕಾಟ್ಲೆಂಡಿನಲ್ಲಿ ಕೌಂಟಿಯ ಮೂಲ ‘ಶೈರ್’, ಅಂದರೆ ಒಬ್ಬ ಶೆರಿಫ್‌ನ ಅಧಿಕಾರ ನಡೆಯುವಷ್ಟು ನೆಲ. ಶೆರಿಫ್ ಅರಸನ ಅಧಿಕಾರಿ. ಕಂದಾಯ ವಸೂಲಿ, ನ್ಯಾಯ ತೀರ್ಮಾನ ಎರಡೂ ಅವನವೇ. ಹಳೆಯ ಅಮಲ್ದಾರರಿಗೆ ನ್ಯಾಯಾಧೀಶರ ಕೆಲಸವನ್ನೂ ಕೂಡಿಸಿದಂತೆ ಎಂದುಕೊಳ್ಳಬಹುದು. ಬಹುಕಾಲ ಈ ಇಡೀ ಉತ್ತರ ಭಾಗ ದೂರದ ಇನ್ವರ್ನೆಸ್‌ನ ಶೆರಿಫ್‌ನ ಕೆಳಗಿತ್ತು. 1630ರ ದಶಕದ ಆರಂಭದಲ್ಲಿ ಸದರ್ಲಂಡನ್ನು ಬೇರೆ ಶೈರ್ ಮಾಡಿ ಡಾರ್ನಾಕನ್ನು ಅದರ ಮುಖ್ಯ ಪಟ್ಟಣ ಮಾಡಿದರು. ಅರ್ಲ್‌ನ ಹಳೆಯ ಸೀಮೆಯ ಜೊತೆಗೆ, ಅದಕ್ಕೆ ಸೇರಿರದ ಎರಡು ನಾಡುಗಳನ್ನೂ ಅದರೊಳಗೆ ತಂದರು: ಪಶ್ಚಿಮದ ಅಸಿಂಟ್, ಉತ್ತರದ ಸ್ಟ್ರಾತ್‌ನೇವರ್.

ಈ ಎರಡಕ್ಕೂ ಬೇರೆಯದೇ ಗುರುತಿತ್ತು. ಸ್ಟ್ರಾತ್‌ನೇವರ್ ಮತ್ತು ಸುತ್ತಲ ಉತ್ತರ ಕರಾವಳಿ ಮಕಾಯ್ ಮನೆತನದ್ದು. ಗೇಲಿಕ್‌ನಲ್ಲಿ ಅದರ ಹೆಸರೇ ‘ಮಕಾಯರ ನಾಡು’. ಗೇಲಿಕ್ ಮಾತಾಡುವವರು ‘ಕಾತಿವ್’ ಎಂದಾಗ ಮೂಲತಃ ಈ ಉತ್ತರವನ್ನಾಗಲಿ ಪಶ್ಚಿಮದ ಅಸಿಂಟನ್ನಾಗಲಿ ಸೇರಿಸುತ್ತಿರಲಿಲ್ಲ. ಆಗ್ನೇಯದ ಒಂದು ಪಟ್ಟಿಗಷ್ಟೇ ಒಪ್ಪುತ್ತಿದ್ದ ‘ದಕ್ಷಿಣ’ ಎಂಬ ಹೆಸರು ಬ್ರಿಟನ್ನಿನ ವಾಯವ್ಯ ಮೂಲೆಯನ್ನೂ ಹೊದ್ದುಕೊಂಡದ್ದು ಹೀಗೆ. ಇವತ್ತು ನಮ್ಮನ್ನು ತಬ್ಬಿಬ್ಬು ಮಾಡುವ ಗೊಂದಲದ ಅರ್ಧ ಪಾಲು ವೈಕಿಂಗರದಲ್ಲ, ಈ ಸರ್ಕಾರಿ ಗಡಿಯದ್ದು.

1975ರಲ್ಲಿ ಸ್ಕಾಟ್ಲೆಂಡಿನ ಕೌಂಟಿಗಳು ಆಡಳಿತದ ಘಟಕಗಳಾಗಿ ಕೊನೆಗೊಂಡವು. ಸದರ್ಲಂಡ್ ಹೈಲ್ಯಾಂಡ್ ಪ್ರಾಂತ್ಯದ ಒಂದು ಜಿಲ್ಲೆಯಾಯಿತು. 1996ರಲ್ಲಿ ಜಿಲ್ಲೆಗಳೂ ಹೋಗಿ ಎಲ್ಲವೂ ಹೈಲ್ಯಾಂಡ್ ಕೌನ್ಸಿಲ್‌ನ ಕೆಳಗೆ ಬಂದವು. ಅದಕ್ಕೇ ಸದರ್ಲಂಡನ್ನು ಈಗ ‘ಐತಿಹಾಸಿಕ ಕೌಂಟಿ’ ಎನ್ನುತ್ತಾರೆ. ಅರಸೊತ್ತಿಗೆಯ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಹುದ್ದೆಯಲ್ಲಿ, ಅಂಚೆಯ ವಿಳಾಸಗಳಲ್ಲಿ, ಜನರ ಮಾತಿನಲ್ಲಿ ಹೆಸರು ಉಳಿದಿದೆ.

## ಊರಿನ ಹೆಸರುಗಳನ್ನು ಓದುತ್ತ ಒಂದು ಸುತ್ತು

ಸದರ್ಲಂಡಿನ ಭೂಗೋಳವನ್ನು ತಿಳಿಯಲು ಅದರ ಸ್ಥಳನಾಮಗಳಿಗಿಂತ ಒಳ್ಳೆಯ ಕೈಪಿಡಿ ನನಗೆ ಕಂಡಿಲ್ಲ. ಪಿಕ್ಟ್, ನಾರ್ಸ್, ಗೇಲಿಕ್ ಮೂರು ನುಡಿಗಳೂ ಒಂದರ ಮೇಲೊಂದು ಕೂತಿವೆ.

ಪೂರ್ವ ಕರಾವಳಿಯಿಂದ ಆರಂಭಿಸೋಣ. ಇದು ಕಿರಿದಾದ, ಆದರೆ ಉಳುಮೆಗೆ ಒಗ್ಗುವ ನೆಲ. ಎಂಬೋ, ಸ್ಕಿಬೋ, ಸ್ಕೆಲ್ಬೋ ಎಂಬ ಹೆಸರುಗಳ ಕೊನೆಯ ‘ಬೋ’ ನಾರ್ಸ್ ನುಡಿಯ ‘ಹೊಲಮನೆ’. ಒಳ್ಳೆಯ ಮಣ್ಣು ಸಿಕ್ಕಲ್ಲೆಲ್ಲ ಅವರು ಬೇರು ಬಿಟ್ಟ ಗುರುತು ಇದು. ಹೆಲ್ಮ್ಸ್‌ಡೇಲ್‌ನ ‘ಡೇಲ್’ ಎಂದರೆ ಕಣಿವೆ. ಸ್ವಲ್ಪ ಒಳನಾಡಿಗೆ ಹೋದರೆ ಪಿಟೆಂಟ್ರೇಲ್ ಎಂಬ ಹಳ್ಳಿ. ಅದರ ‘ಪಿಟ್’ ಪಿಕ್ಟರ ಕಾಲದ ಪದ, ಭೂಮಿಯ ಒಂದು ಪಾಲು.

ಒಳನಾಡು ಉದ್ದುದ್ದ ಕಣಿವೆಗಳದು. ನದಿ ಹರಿಯುವ ಅಗಲವಾದ ಕಣಿವೆಗೆ ಗೇಲಿಕ್‌ನಲ್ಲಿ ‘ಸ್ಟ್ರಾತ್’. ಸ್ಟ್ರಾತ್‌ನೇವರ್ ಎಂದರೆ ನೇವರ್ ನದಿಯ ಕಣಿವೆ. ನೇವರ್ ಹೆಸರು ಎಲ್ಲಕ್ಕಿಂತ ಹಳೆಯದು. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಕಲೆಹಾಕಿದ ಭೂಗೋಳದ ಪಟ್ಟಿಯಲ್ಲೇ ಅದು ‘ನಬಾರೊಸ್’ ಎಂದಿದೆ.

ಉತ್ತರ ಕರಾವಳಿಯ ‘ಟಂಗ್’ ಎಂಬ ಊರಿಗೆ ಬಾಯಲ್ಲಿನ ನಾಲಿಗೆಯದೇ ಹೆಸರು. ಕಡಲಿಗೆ ನಾಲಿಗೆ ಚಾಚಿದಂತಿರುವ ನೆಲಕ್ಕೆ ನಾರ್ಸ್ ಜನ ಇಟ್ಟದ್ದು. ಸ್ಮೂ ಗುಹೆಯ ‘ಸ್ಮೂ’ ಎಂದರೆ ಅವಿತುಕೊಳ್ಳುವ ಬಿಲ. ಇನ್ನು ಕೇಪ್ ರಾಥ್. ಇಂಗ್ಲಿಷ್‌ನಲ್ಲಿ ರಾಥ್ ಎಂದರೆ ಕಡುಕೋಪ. ಅಲ್ಲಿನ ಅಲೆಗಳನ್ನು ಕಂಡವರಿಗೆ ಹೆಸರು ಸರಿಯೆನಿಸುತ್ತದೆ, ಆದರೆ ಮೂಲಪದ ನಾರ್ಸ್ ನುಡಿಯ ‘ಹ್ವಾರ್ಫ್’, ತಿರುವು. ನಾರ್ವೆಯಿಂದ ಬಂದ ಹಡಗುಗಳು ಇಲ್ಲಿ ಎಡಕ್ಕೆ ತಿರುಗಿ ತಮ್ಮ ‘ದಕ್ಷಿಣದ ದ್ವೀಪಗಳ’ ಕಡೆಗೆ ಇಳಿಯುತ್ತಿದ್ದವು. ಹಡಗು ನಡೆಸುವವರಿಗೆ ಅದೊಂದು ದಾರಿಯ ಸೂಚನೆ.

ಪಶ್ಚಿಮ ಕರಾವಳಿಯ ಲ್ಯಾಕ್ಸ್‌ಫರ್ಡ್ ಎಂದರೆ ‘ಸಾಲ್ಮನ್ ಮೀನಿನ ಫ್ಯೋರ್ಡ್’. ಇಲ್ಲಿನ ಬೆಟ್ಟಗಳು ಸಾಲಾಗಿ ನಿಲ್ಲುವುದಿಲ್ಲ. ಒಂದೊಂದೂ ಬಯಲಿನಿಂದ ಒಂಟಿಯಾಗಿ ಎದ್ದಿದೆ. 731 ಮೀಟರ್ ಎತ್ತರದ ಸುಯಿಲ್ವೆನ್ ಅವುಗಳಲ್ಲಿ ಹೆಸರುವಾಸಿ. ನಾರ್ಸ್ ನುಡಿಯ ‘ಸೂಲ’, ಅಂದರೆ ಕಂಬ, ಅದಕ್ಕೆ ಗೇಲಿಕ್‌ನ ‘ಬೆನ್’, ಅಂದರೆ ಬೆಟ್ಟ: ಕಂಬದ ಬೆಟ್ಟ. ಸಮುದ್ರದಿಂದ ನೋಡಿದರೆ ಮಾತ್ರ ಅದು ಕಂಬದಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಉದ್ದನೆಯ ಏಣು. ಹೆಸರಿಟ್ಟವರು ಹಡಗಿನಲ್ಲಿದ್ದರು ಎನ್ನಲು ಬೇರೆ ಸಾಕ್ಷಿ ಬೇಡ. ಈ ಬೆಟ್ಟಗಳು ಸುಮಾರು 100 ಕೋಟಿ ವರ್ಷ ಹಳೆಯ ಮರಳುಗಲ್ಲಿನವು. ಅವು ಕೂತಿರುವ ಪೀಠದ ನೈಸ್ ಶಿಲೆಯಲ್ಲಿ ಕೆಲವು 300 ಕೋಟಿ ವರ್ಷದಷ್ಟು ಹಳೆಯವು.

ಭೂವಿಜ್ಞಾನ ಓದಿದವರಿಗೆ ‘ಮೊಯ್ನ್ ಥ್ರಸ್ಟ್’ ಗೊತ್ತಿರುತ್ತದೆ. ಗೋಡೆಗೆ ಒತ್ತಿ ತಳ್ಳಿದ ಜಮಖಾನ ಮಡಚಿ ತನ್ನ ಮೇಲೆ ತಾನೇ ಏರುವಂತೆ, ಸುಮಾರು 43 ಕೋಟಿ ವರ್ಷಗಳ ಹಿಂದೆ ಭೂಖಂಡಗಳು ಗುದ್ದಿಕೊಂಡಾಗ ಹಳೆಯ ಬಂಡೆಗಳು ಕಿರಿಯ ಬಂಡೆಗಳ ಮೇಲಕ್ಕೆ ಸರಿದವು. ಬೆನ್ ಪೀಚ್ ಮತ್ತು ಜಾನ್ ಹೋರ್ನ್ ಎಂಬ ಭೂವಿಜ್ಞಾನಿಗಳು ಈ ಪ್ರದೇಶವನ್ನು ನಡೆದು ಅಳೆದು 1907ರಲ್ಲಿ ಪ್ರಕಟಿಸಿದ ವರದಿಯಿಂದ ಇದು ಜಗತ್ತಿಗೆ ವಿವರವಾಗಿ ತಿಳಿಯಿತು. ಆ ಮೊಯ್ನ್, ಟಂಗ್ ಬಳಿಯ ಒಂದು ಜಾಗದ ಹೆಸರು. ಗೇಲಿಕ್‌ನಲ್ಲಿ ಅದರ ಅರ್ಥ ಪೀಟ್, ಇಲ್ಲಿನ ಜೌಗಿನ ಕಪ್ಪುಮಣ್ಣು.

## ಕಣಿವೆಗಳು ಬರಿದಾದದ್ದು

ಇಷ್ಟು ದೊಡ್ಡ ನಾಡಿನಲ್ಲಿ ಇಷ್ಟು ಕಡಿಮೆ ಜನ ಏಕೆ? ಚಳಿ ಮತ್ತು ಕಲ್ಲುನೆಲ ಕಾರಣದ ಒಂದು ಭಾಗ ಮಾತ್ರ. ಒಳನಾಡಿನ ಕಣಿವೆಗಳಲ್ಲಿ ಒಂದು ಕಾಲಕ್ಕೆ ಸಾಲುಸಾಲು ಹಳ್ಳಿಗಳಿದ್ದವು. ಜನ ಗೇಣಿ ಕೊಟ್ಟು ದನ ಸಾಕುತ್ತ, ಓಟ್ಸ್ ಮತ್ತು ಬಾರ್ಲಿ ಬೆಳೆಯುತ್ತ ಬದುಕಿದ್ದರು. ನೆಲದ ಒಡೆತನ ಮಾತ್ರ ಅವರದಾಗಿರಲಿಲ್ಲ.

19ನೇ ಶತಮಾನದ ಆರಂಭದಲ್ಲಿ ಒಡೆತನ ಸದರ್ಲಂಡಿನ ಕೌಂಟೆಸ್ ಎಲಿಜಬೆತ್‌ಳದು. ಆಕೆಯ ಗಂಡ, ಇಂಗ್ಲೆಂಡಿನ ಬಲು ಶ್ರೀಮಂತ, ಮಾರ್ಕ್ವೆಸ್ ಆಫ್ ಸ್ಟಾಫರ್ಡ್. 1833ರಲ್ಲಿ ಸದರ್ಲಂಡಿನ ಮೊದಲ ಡ್ಯೂಕ್ ಆದವನು. ಕಣಿವೆಗಳನ್ನು ಕುರಿಸಾಕಣೆಗೆ ಗುತ್ತಿಗೆ ಕೊಟ್ಟರೆ ಆದಾಯ ಹೆಚ್ಚೆಂಬ ಲೆಕ್ಕಾಚಾರದಲ್ಲಿ ಸುಮಾರು 1807ರಿಂದ 1821ರವರೆಗೆ ಸಾವಿರಾರು ಒಕ್ಕಲುಗಳನ್ನು ಎಬ್ಬಿಸಿ ಕಡಲಂಚಿನ ತುಂಡು ಜಮೀನುಗಳಿಗೆ ಕಳಿಸಲಾಯಿತು. ಮೀನು ಹಿಡಿದು ಬದುಕಿಕೊಳ್ಳಲಿ ಎಂಬುದು ಯೋಜನೆ. 1814ರಲ್ಲಿ ಸ್ಟ್ರಾತ್‌ನೇವರ್‌ನಲ್ಲಿ ಒಕ್ಕಲೆಬ್ಬಿಸುವಾಗ ಮನೆಗಳ ಸೂರಿಗೆ ಬೆಂಕಿ ಹಚ್ಚಿದ ಆರೋಪದ ಮೇಲೆ ಎಸ್ಟೇಟಿನ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್‌ನ ವಿಚಾರಣೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ನಡೆಯಿತು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಜನರ ನೆನಪು ಮಾಡಲಿಲ್ಲ.

ಇದೂ ಹೆಸರುಗಳಲ್ಲಿ ಕೂತಿದೆ. ನೇವರ್ ನದಿ ಕಡಲು ಸೇರುವಲ್ಲಿ, ಎಬ್ಬಿಸಿದವರಿಗಾಗಿ ಆದ ಊರು ಬೆಟ್ಟಿಹಿಲ್. ಬೆಟ್ಟಿ ಎಂದರೆ ಆ ಕೌಂಟೆಸ್ ಎಲಿಜಬೆತ್. ಕಿಲ್ಡೋನನ್ ಕಣಿವೆಯಿಂದ 1813ರಿಂದ ಕೆನಡಾಕ್ಕೆ ಹಡಗು ಹತ್ತಿದವರು ತಮ್ಮ ಕಣಿವೆಯ ಹೆಸರನ್ನು ಕೊಂಡೊಯ್ದರು. ವಿನಿಪೆಗ್ ನಗರದಲ್ಲಿ ಕಿಲ್ಡೋನನ್ ಎಂಬ ಬಡಾವಣೆಗಳಿವೆ. ನೇವರ್ ಕಣಿವೆಯ ರೊಸಾಲ್ ಎಂಬಲ್ಲಿ ಬಿಟ್ಟುಹೋದ ಹಳ್ಳಿಯ ಗೋಡೆಗಳ ಅಡಿಪಾಯ ಹುಲ್ಲಿನೊಳಗೆ ಇನ್ನೂ ಕಾಣುತ್ತದೆ. ರೊಸಾಲ್ ನಾರ್ಸ್ ನುಡಿಯ ಹೆಸರು, ‘ಕುದುರೆ ಬಯಲು’. ಸಾವಿರ ವರ್ಷ ಜನರ ಬಾಯಲ್ಲಿದ್ದ ಹೆಸರಿಗೆ ಈಗ ಊರಿಲ್ಲ.

1851ರಲ್ಲಿ ಸದರ್ಲಂಡಿನ ಜನಸಂಖ್ಯೆ 25,000 ದಾಟಿತ್ತು. ಇಂದು ಅದರ ಅರ್ಧದಷ್ಟು, ಅದರಲ್ಲೂ ಹೆಚ್ಚಿನವರು ಕಡಲಂಚಿನಲ್ಲಿ. ನಕಾಶೆಯಲ್ಲಿ ಊರುಗಳು ಅಂಚಿನಲ್ಲಷ್ಟೇ ಪೋಣಿಸಿದಂತೆ ಕಾಣುವುದಕ್ಕೆ ಇದು ಕಾರಣ.

## ಫ್ಲೋ ಕಂಟ್ರಿ ಎಂದರೆ

ಈಗ ದೆಹಲಿಯ ಸುದ್ದಿಗೆ ಮರಳಬಹುದು. ‘ಫ್ಲೋ’ ಎಂಬುದು ಹರಿವೆಂಬ ಅರ್ಥದ ಇಂಗ್ಲಿಷ್ ಪದವಲ್ಲ. ನಾರ್ಸ್ ನುಡಿಯಿಂದ ಸ್ಕಾಟ್ಸ್ ನುಡಿಗೆ ಬಂದ, ಜೌಗು ಎಂಬರ್ಥದ ಪದ.

ಉಪ್ಪಿನಲ್ಲಿ ಊರಿದ ಮಾವಿನಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಪೀಟ್ ಜೌಗಿನಲ್ಲೂ ಅಂಥದ್ದೇ ನಡೆಯುತ್ತದೆ. ಸ್ಫ್ಯಾಗ್ನಮ್ ಎಂಬ ಪಾಚಿ ನೀರು ಹೀರಿ ನೆಲವನ್ನು ಸದಾ ತೇವವಾಗಿ, ಹುಳಿಯಾಗಿ ಇಡುತ್ತದೆ. ಗಾಳಿ ಆಡದ ಆ ಹುಳಿನೀರಿನಲ್ಲಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ, ಪದರಪದರವಾಗಿ ಕೂಡುತ್ತದೆ. 9,000 ವರ್ಷಗಳಿಂದ ಹೀಗೆ ಕೂಡಿದ ಪೀಟ್ ಕೆಲವೆಡೆ 10 ಮೀಟರ್ ಆಳವಿದೆ. ಗಿಡಗಳು ಗಾಳಿಯಿಂದ ಹೀರಿದ ಇಂಗಾಲ ಅದರೊಳಗೇ ಉಳಿದಿದೆ. ಜೌಗು ಒಣಗಿದರೆ ಅದು ಗಾಳಿಗೆ ಮರಳುತ್ತದೆ. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಇಲ್ಲಿ ಕಾಲುವೆ ತೋಡಿ ನೀರು ಬಸಿದು ವಿದೇಶಿ ಸೂಚಿಪರ್ಣಿ ಮರಗಳನ್ನು ನೆಟ್ಟರು. 1988ರಲ್ಲಿ ರಿಯಾಯಿತಿ ನಿಂತಿತು. ಈಗ ಆ ಮರಗಳನ್ನು ಕಡಿದು ಕಾಲುವೆ ಮುಚ್ಚುವ ಕೆಲಸ ನಡೆದಿದೆ. ಇಂಥ ಪೀಟ್ ಜೌಗಿಗೆಂದೇ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದ್ದು ಇದೇ ಮೊದಲು.

## ಮುಂಬೈಯಲ್ಲೊಂದು ಗುರುತು

ಸದರ್ಲಂಡಿನ ಉತ್ತರ ಕರಾವಳಿಯ ಮಕಾಯ್ ಮನೆತನದ ಮುಖ್ಯಸ್ಥರಿಗೆ 1628ರಲ್ಲಿ ‘ಲಾರ್ಡ್ ರೇ’ ಎಂಬ ಬಿರುದು ಸಿಕ್ಕಿತು. ರೇ ಎಂಬುದು ಸದರ್ಲಂಡ್ ಗಡಿಗೆ ಹೊಂದಿದಂತೆ ಕೇತ್‌ನೆಸ್ ಬದಿಗಿರುವ ಒಂದು ಹಳ್ಳಿ. ಸಾಲದ ಹೊರೆಯಲ್ಲಿ ಮನೆತನ 1829ರಲ್ಲಿ ತನ್ನ ನೆಲವನ್ನೆಲ್ಲ ಸದರ್ಲಂಡ್ ಎಸ್ಟೇಟಿಗೆ ಮಾರಿತು. ಬಿರುದು ಮುಂದೆ ಹಾಲೆಂಡಿನಲ್ಲಿ ನೆಲೆಸಿದ್ದ ಶಾಖೆಗೆ ಹೋಯಿತು. ಆ ಶಾಖೆಯ 11ನೇ ಲಾರ್ಡ್ ರೇ, ಡೊನಾಲ್ಡ್ ಜೇಮ್ಸ್ ಮಕಾಯ್, 1885ರಿಂದ 1890ರವರೆಗೆ ಬಾಂಬೆ ಪ್ರಾಂತ್ಯದ ಗವರ್ನರ್. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲವೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಮುಂಬೈಯ ಹಾರ್ಬರ್ ಮಾರ್ಗದಲ್ಲಿ ಓಡಾಡುವ ಕನ್ನಡಿಗರು ದಿನವೂ ಹಾದುಹೋಗುವ ‘ರೇ ರೋಡ್’ ನಿಲ್ದಾಣದ ಹೆಸರು ಈತನಿಂದ ಬಂದದ್ದು.

## ಹೆಸರು ಇನ್ನೂ ಸರಿಹೊಂದುವ ದಾರಿ

ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರಲ್ಲಿ ಬೇಸಿಗೆಯಲ್ಲಿ ‘ನಾರ್ತ್ ಕೋಸ್ಟ್ 500’ ಎಂಬ ಸುತ್ತುದಾರಿಯಲ್ಲಿ ಕಾರು ಓಡಿಸುವವರಿದ್ದಾರೆ. ಇನ್ವರ್ನೆಸ್‌ನಿಂದ ಹೊರಟು ಡಾರ್ನಾಕ್ ಫರ್ತ್ ದಾಟಿ ಸದರ್ಲಂಡ್ ಹೊಕ್ಕರೆ ಹೆಸರು ತಪ್ಪಾಗಿಯೇ ಕಾಣುತ್ತದೆ. ಎಷ್ಟು ಹೊತ್ತಿನಿಂದ ಉತ್ತರಕ್ಕೇ ಬರುತ್ತಿದ್ದೇವೆ, ಇದು ಯಾವ ದಕ್ಷಿಣ?

ಅದೇ ಎ-9 ರಸ್ತೆಯಲ್ಲಿ ಆ ತುದಿಯಿಂದ ಬನ್ನಿ. ಕೇತ್‌ನೆಸ್‌ನ ಥರ್ಸೊ ಪಟ್ಟಣದಲ್ಲಿ ಬೆನ್ನ ಹಿಂದೆ ಆರ್ಕ್ನಿ. ಅಲ್ಲಿಂದ ಹೊರಟು ಗಾಳಿ ಬೀಸುವ ಬಯಲನ್ನು ದಾಟಿದರೆ ಪೂರ್ವದ ಕಡಲು ಸಿಗುತ್ತದೆ. ಅದನ್ನು ಎಡಕ್ಕಿಟ್ಟುಕೊಂಡು ಕೆಳಗಿಳಿಯುತ್ತ ಹೋದರೆ ನೆಲ ಮೆಲ್ಲಗೆ ಎತ್ತರವಾಗಿ ‘ಆರ್ಡ್’ ಎಂಬ ಕಡಿದಾದ ಕಡಲಗುಡ್ಡ ಬರುತ್ತದೆ. ಕೇತ್‌ನೆಸ್ ಮುಗಿಯುವುದು ಅಲ್ಲೇ. ಗುಡ್ಡದಾಚೆ ರಸ್ತೆ ಹೆಲ್ಮ್ಸ್‌ಡೇಲ್ ಕಣಿವೆಗೆ ಇಳಿಯುತ್ತದೆ: ಗಾಳಿಯ ಅಬ್ಬರ ಕಡಿಮೆ, ನದಿಯ ದಂಡೆಯಲ್ಲಿ ಹಸುರು, ಮುಂದೆ ತೆಂಕಣಕ್ಕೆ ಚಾಚಿದ ಮರಳ ಕರಾವಳಿ.